ಋತುಬಂಧದ ನಂತರ ಮೂಳೆಯ ಬಲ

ಶರಣಧರ್ಮದಲ್ಲಿ ಕಾಯಕ್ಕೆ ಹಿರಿದಾದ ಸ್ಥಾನವಿದೆ. ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದಳು, ಸತ್ಯಕ್ಕ ಅಂಗಳ ಗುಡಿಸಿದಳು, ಕದಿರ ರೆಮ್ಮವ್ವೆ ನೂಲು ತೆಗೆದಳು. ಇಂಥ ಪರಂಪರೆಗೆ ಸೇರಿದ ನಮ್ಮ ಮನೆಗಳಲ್ಲಿ ಐವತ್ತು ದಾಟಿದ ತಾಯಂದಿರ ದೇಹಪಾಲನೆಯ ವಿಷಯ ಮಾತ್ರ ಹಿಂದೆ ಬಿದ್ದಿದೆ. ಸೊಂಟ ನೋವೆಂದರೆ ‘ವಯಸ್ಸಾಯಿತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದಾಗಲಷ್ಟೇ ಮನೆಮಂದಿ ಎಚ್ಚರಗೊಳ್ಳುತ್ತಾರೆ. ಅಲ್ಲಿಯವರೆಗೆ ಮನೆಯನ್ನೆಲ್ಲ ತೂಗಿಸಿಕೊಂಡು ಬಂದ ತಾಯಿ ಅಂದಿನಿಂದ ಹಾಸಿಗೆ ಹಿಡಿಯುತ್ತಾಳೆ. ಮತ್ತೆ ಮೊದಲಿನಂತೆ ನಡೆದಾಡುವವರು ಎಲ್ಲರೂ ಅಲ್ಲ.

ಮೂಳೆಗೆ ಬಲ ತರಲು ಮಾತ್ರೆ, ಚುಚ್ಚುಮದ್ದು ಅನಿವಾರ್ಯವೆ? ಅಡುಗೆಮನೆ, ಅಂಗಳ, ಬಿಸಿಲು ಇವುಗಳಿಂದ ಏನಾದರೂ ಸಾಧ್ಯವೆ? ಅನೇಕ ತಾಯಂದಿರು ಕೇಳುವ ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ಮೂಳೆ ಸವೆಯುವುದೇಕೆ?

ಮೂಳೆ ಕಲ್ಲಿನಂತೆ ಜಡವಾದುದಲ್ಲ. ಅದು ದಿನವೂ ಸವೆಯುತ್ತ, ದಿನವೂ ಕಟ್ಟಲ್ಪಡುತ್ತ ಇರುವ ಜೀವಂತ ಅಂಗ. ಸುಮಾರು ೩೦ನೆಯ ವಯಸ್ಸಿನವರೆಗೆ ಕಟ್ಟುವ ಕೆಲಸ ಮೇಲುಗೈಯಾಗಿರುತ್ತದೆ. ಸವೆತವನ್ನು ಅಂಕೆಯಲ್ಲಿಡುವುದು ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು. ಮುಟ್ಟು ನಿಂತಾಗ ಈ ಹಾರ್ಮೋನು ತೀರ ಕಡಿಮೆಯಾಗಿ, ಸವೆಯುವ ವೇಗಕ್ಕೆ ಕಟ್ಟುವ ವೇಗ ಸಾಲದಾಗುತ್ತದೆ. ಋತುಬಂಧದ ನಂತರದ ಐದರಿಂದ ಏಳು ವರ್ಷಗಳಲ್ಲಿ ಕೆಲವರು ಮೂಳೆಯ ಸಾಂದ್ರತೆಯ ನೂರಕ್ಕೆ ೨೦ರಷ್ಟನ್ನು ಕಳೆದುಕೊಳ್ಳಬಹುದು. ಪಾಶ್ಚಾತ್ಯ ಸ್ತ್ರೀಯರಿಗಿಂತ ನಮ್ಮ ದೇಶದ ಸ್ತ್ರೀಯರಿಗೆ ಋತುಬಂಧ ಕೆಲವು ವರ್ಷ ಮೊದಲೇ, ಸಾಮಾನ್ಯವಾಗಿ ೪೬-೪೭ರ ಆಸುಪಾಸಿನಲ್ಲಿ ಆಗುವುದರಿಂದ ಸವೆತವೂ ಬೇಗನೆ ಆರಂಭವಾಗುತ್ತದೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಅದು ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಆರಂಭ.

ಸಾಂದ್ರತೆಯನ್ನು ಅಳೆಯಲು ‘ಡೆಕ್ಸಾ’ ಎಂಬ ನೋವಿಲ್ಲದ ಪರೀಕ್ಷೆಯಿದೆ. ೧೯೯೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಪಡಿಸಿದ ಅಳತೆಯಂತೆ ಟಿ-ಸ್ಕೋರ್ ಮೈನಸ್ ೧ಕ್ಕಿಂತ ಮೇಲಿದ್ದರೆ ಮೂಳೆ ಗಟ್ಟಿ. ಮೈನಸ್ ೧ರಿಂದ ೨.೫ರ ನಡುವೆ ಇದ್ದರೆ ತೆಳುವಾಗುತ್ತಿದೆ, ಮೈನಸ್ ೨.೫ ಅಥವಾ ಅದಕ್ಕೂ ಕೆಳಗಿದ್ದರೆ ಮೂಳೆಸವೆತದ ರೋಗ.

ಔಷಧಿಯಿಲ್ಲದೆ ಎಷ್ಟು ಸಾಧ್ಯ?

ಆಹಾರ, ಬಿಸಿಲು, ವ್ಯಾಯಾಮಗಳಿಂದ ಸವೆತವನ್ನು ನಿಧಾನಗೊಳಿಸಬಹುದು. ಸರಿಯಾದ ವ್ಯಾಯಾಮದಿಂದ ಸ್ವಲ್ಪಮಟ್ಟಿಗೆ ಮರಳಿ ಪಡೆಯಲೂಬಹುದು. ಮೂಳೆ ತೆಳುವಾಗತೊಡಗಿದ, ಆದರೆ ಇನ್ನೂ ಮುರಿಯದ ತಾಯಂದಿರಿಗೆ ಇದು ದೊಡ್ಡ ಭರವಸೆ. ಆದರೆ ಸಣ್ಣ ಪೆಟ್ಟಿಗೇ ಮೂಳೆ ಮುರಿದವರು, ಬೆನ್ನುಮೂಳೆ ಕುಸಿದು ಎತ್ತರ ಕುಗ್ಗಿದವರು, ಟಿ-ಸ್ಕೋರ್ ತೀರ ಕೆಳಗಿಳಿದವರು ಔಷಧಿಯನ್ನು ಬಿಟ್ಟು ಮನೆಮದ್ದನ್ನು ನಂಬುವುದು ಅಪಾಯ. ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಚುಚ್ಚುಮದ್ದು ಪಡೆಯುತ್ತಿರುವವರು ಅದನ್ನು ತಾವಾಗಿಯೇ ನಿಲ್ಲಿಸಲೇಬಾರದು. ನಿಲ್ಲಿಸಿದಾಗ ಸವೆತ ಒಮ್ಮೆಲೇ ಹೆಚ್ಚಿ ಬೆನ್ನುಮೂಳೆಗಳು ಮುರಿದ ಉದಾಹರಣೆಗಳಿವೆ. ಅಂಥವರಿಗೆ ಮುಂದೆ ಹೇಳುವ ಕ್ರಮಗಳು ಔಷಧಿಯ ಜೊತೆಗೆ ನಡೆಯಬೇಕಾದವು.

ರಾಗಿಯ ಸೀಮೆಯ ಭಾಗ್ಯ

ಋತುಬಂಧವಾದ ಸ್ತ್ರೀಗೆ ದಿನಕ್ಕೆ ೧೨೦೦ ಮಿಲಿಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ ೨೦೨೦ರಲ್ಲಿ ತಿಳಿಸಿದೆ. ಅರಸೀಕೆರೆಯ ಬಯಲುಸೀಮೆಯವರಿಗೆ ಇದು ದೂರದ ಮಾತಲ್ಲ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೬೦ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ, ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿಯನ್ನು ನೀಡಿ ಇಳುವರಿಯನ್ನು ಹೆಚ್ಚಿಸಿದರು. ಆದರೂ ನಾಲ್ಕು ಕಾಸು ಕೂಡಿದ ಮನೆಗಳಲ್ಲಿ ಮುದ್ದೆ ಹಿಂದೆ ಸರಿದು ಅನ್ನವೇ ಮುಂದಾಯಿತು. ವಿಶ್ವಸಂಸ್ಥೆ ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣದವರು ರಾಗಿಯನ್ನು ಹೊಸದೆಂಬಂತೆ ಕೊಳ್ಳುತ್ತಿದ್ದಾರೆ.

ಲೆಕ್ಕ ಹಾಕೋಣ. ದಿನಕ್ಕೆ ೧೫೦ ಗ್ರಾಂ ರಾಗಿಹಿಟ್ಟಿನಿಂದ ೫೪೦. ೪೦೦ ಮಿಲಿಲೀಟರ್ ಹಸುವಿನ ಹಾಲು ಅಥವಾ ಅದರಿಂದಾದ ಮೊಸರಿನಿಂದ ಸುಮಾರು ೪೮೦. ೫೦ ಗ್ರಾಂ ಹುರುಳಿಕಾಳಿನಿಂದ ೧೩೦ಕ್ಕೂ ಹೆಚ್ಚು. ನುಗ್ಗೆಸೊಪ್ಪಿನ ಪಲ್ಯ, ಒಂದು ಚಮಚ ಎಳ್ಳಿನ ಪುಡಿ ಸೇರಿದರೆ ದಿನದ ಅಗತ್ಯ ತುಂಬುತ್ತದೆ. ನೀರು ಮಜ್ಜಿಗೆಯನ್ನು ಹಾಲಿನ ಲೆಕ್ಕಕ್ಕೆ ಹಿಡಿಯಬಾರದು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಹತ್ತುವುದನ್ನು ಕೊಂಚ ತಡೆಯುತ್ತದೆ. ಮೊಳಕೆ ಬರಿಸಿ ಹಿಟ್ಟು ಮಾಡಿದರೆ, ಹುಳಿಬರಿಸಿ ಅಂಬಲಿ ಕಾಯಿಸಿದರೆ ಆ ತಡೆ ಕಡಿಮೆಯಾಗುತ್ತದೆ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಬಹುಪಾಲು ಆಕ್ಸಲೇಟಿನಲ್ಲಿ ಕಟ್ಟಿಹೋಗಿರುವುದರಿಂದ ಮೂಳೆಯ ದೃಷ್ಟಿಯಿಂದ ಅದನ್ನು ನೆಚ್ಚುವಂತಿಲ್ಲ. ಸಕ್ಕರೆ ಕಾಯಿಲೆಯವರು ಮುದ್ದೆಯ ಅಳತೆಯನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು.

ಮೂಳೆಯ ಚೌಕಟ್ಟು ಪ್ರೋಟೀನಿನಿಂದಾದುದು. ಸಸ್ಯಾಹಾರಿಗಳಾದ ನಾವು ಹುರುಳಿ, ಅವರೆ, ತೊಗರಿ, ಹೆಸರು, ಕಡಲೆಗಳನ್ನು ಧಾರಾಳವಾಗಿ ಬಳಸಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ತಿಳಿಸಾರಿನಲ್ಲಿ ಉಣ್ಣುವ ತಾಯಿಗೆ ಕಾಳು ಎಲ್ಲಿಂದ ಸಿಗಬೇಕು?

ಮಾತ್ರೆಗಳಿಂದಲೇ ಎಲ್ಲ ತುಂಬಿಸಿಕೊಳ್ಳುವ ಆತುರ ಬೇಡ. ಅಮೆರಿಕದಲ್ಲಿ ೩೬,೦೦೦ಕ್ಕೂ ಹೆಚ್ಚು ಸ್ತ್ರೀಯರ ಮೇಲೆ ನಡೆದು ೨೦೦೬ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಗಳಿಂದ ಸೊಂಟದ ಮೂಳೆಯ ಸಾಂದ್ರತೆ ಕೊಂಚ ಉತ್ತಮಗೊಂಡರೂ ಮೂಳೆಮುರಿತ ಗಣನೀಯವಾಗಿ ತಗ್ಗಲಿಲ್ಲ. ಮೂತ್ರಪಿಂಡದ ಕಲ್ಲುಗಳು ಹೆಚ್ಚಿದವು. ಆಹಾರದಲ್ಲಿ ಕೊರತೆಯಿದ್ದವರಿಗೆ ವೈದ್ಯರು ಹೇಳಿದಷ್ಟು ಮಾತ್ರೆ ಸಾಕು.

ಬಿಸಿಲೆಂಬ ಔಷಧಿ

ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರದು. ನಮ್ಮ ಸಸ್ಯಾಹಾರದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲೇ ಮುಖ್ಯ ಮೂಲ. ಎಳೆಬಿಸಿಲು ಹಿತವಾದರೂ ಅದರಲ್ಲಿ ಬೇಕಾದ ಕಿರಣಗಳು ಕಡಿಮೆ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರ ನಡುವೆ, ಮುಖ, ತೋಳು, ಕಾಲುಗಳಿಗೆ ಬಿಸಿಲು ತಾಗುವಂತೆ ೨೦-೩೦ ನಿಮಿಷ ಕುಳಿತರೆ ಒಳ್ಳೆಯದು. ಹಪ್ಪಳ ಒಣಹಾಕುವಾಗ, ಕಾಳು ಹಸನು ಮಾಡುವಾಗ ಇದು ತಾನಾಗಿ ಆಗುತ್ತಿತ್ತು. ಕಿಟಕಿಯ ಗಾಜಿನೊಳಗಿಂದ ಬಂದ ಬಿಸಿಲಿನಿಂದ ಪ್ರಯೋಜನವಿಲ್ಲ.

ಭಾರ ಹೊರದ ಮೂಳೆ ಬಲಗೊಳ್ಳದು

ಬಾಹ್ಯಾಕಾಶದಲ್ಲಿ ತೂಕವಿಲ್ಲದೆ ತೇಲುವ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಷ್ಟು ಅಥವಾ ಅದಕ್ಕೂ ಹೆಚ್ಚು ಸವೆಯುತ್ತದೆ. ಮೂಳೆ ಬೆಳೆಯುವುದು ಭಾರಕ್ಕೆ ಎಂಬುದಕ್ಕೆ ಇದು ಸಾಕ್ಷಿ. ಬೀಸುವ ಕಲ್ಲು, ಒನಕೆ, ತಲೆಯ ಮೇಲಿನ ಬಿಂದಿಗೆ ಹೋಗಿ ಮಿಕ್ಸಿ, ನಲ್ಲಿ ಬಂದವು. ಹಳೆಯದೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಅರೆಹೊಟ್ಟೆಯಲ್ಲಿ ದುಡಿದ, ಮೇಲಿಂದ ಮೇಲೆ ಹೆತ್ತ ಎಷ್ಟೋ ಅಜ್ಜಿಯರ ಬೆನ್ನು ಬಾಗಿಹೋಗಿತ್ತು. ಬಡ ಸ್ತ್ರೀಯರ ಮೂಳೆ ತೀರ ತೆಳುವಾಗಿರುವುದನ್ನು ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ತಜ್ಞರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ದುಡಿಮೆ ಮತ್ತು ಊಟ ಎರಡೂ ಕೂಡಿದರೆ ಮಾತ್ರ ಮೂಳೆಗೆ ಬಲ.

ಆಸ್ಟ್ರೇಲಿಯದಲ್ಲಿ ಮೂಳೆ ತೆಳುವಾಗಿದ್ದ, ೫೮ ದಾಟಿದ ೧೦೧ ಸ್ತ್ರೀಯರ ಮೇಲೆ ನಡೆದ ಅಧ್ಯಯನವೊಂದು ಜಗತ್ತಿನ ಗಮನ ಸೆಳೆಯಿತು. ವಾರಕ್ಕೆ ಎರಡು ಬಾರಿ, ಅರ್ಧ ಗಂಟೆ, ತರಬೇತುದಾರರ ಕಣ್ಗಾವಲಿನಲ್ಲಿ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಎಂಟು ತಿಂಗಳಲ್ಲಿ ನೂರಕ್ಕೆ ೨.೯ರಷ್ಟು ಏರಿತು, ಹಗುರ ವ್ಯಾಯಾಮ ಮಾಡಿದವರದು ೧.೨ರಷ್ಟು ಇಳಿಯಿತು. ಸಮತಟ್ಟು ರಸ್ತೆಯ ನಡಿಗೆ ಹೃದಯಕ್ಕೆ ಹಿತ, ಆದರೆ ಮೂಳೆಗೆ ಅದೊಂದೇ ಸಾಲದು.

ಮನೆಯಲ್ಲಿ ಹೀಗೆ ಆರಂಭಿಸಬಹುದು: ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಅಂಗೈ ಊರಿ ಮೈಯನ್ನು ತಳ್ಳುವುದು, ಒಂದು ಲೀಟರ್ ನೀರಿನ ಬಾಟಲಿಗಳನ್ನು ಎರಡು ಕೈಗಳಲ್ಲಿ ಎತ್ತುವುದು, ಮೆಟ್ಟಿಲು ಹತ್ತುವುದು. ಭಾರವನ್ನು ತಿಂಗಳು ತಿಂಗಳಿಗೆ ನಿಧಾನವಾಗಿ ಏರಿಸಬೇಕು. ಹುಣ್ಣಿಮೆಯಂದು ಯಾದಾಪುರದ ಜೇನುಕಲ್ಲು ಸಿದ್ಧೇಶ್ವರ ಬೆಟ್ಟವನ್ನು ಹತ್ತುವ ಭಕ್ತರಿಗೆ ದರ್ಶನದ ಜೊತೆಗೆ ಕಾಲಿನ ಮೂಳೆಗೂ ಪ್ರಸಾದ ದೊರೆಯುತ್ತದೆ. ಮೂಳೆ ಈಗಾಗಲೇ ತೀರ ತೆಳುವಾಗಿದ್ದವರು ಸೊಂಟ ಬಾಗಿಸಿ ಕೊಡ ಎತ್ತಬಾರದು; ಪಶ್ಚಿಮೋತ್ತಾನಾಸನದಂಥ ಮುಂದಕ್ಕೆ ಬಾಗುವ ಆಸನಗಳನ್ನೂ ಬಿಡಬೇಕು. ಇಷ್ಟಲಿಂಗ ಪೂಜೆಗೆ ಕುಳಿತಾಗ ಬೆನ್ನು ನೆಟ್ಟಗಿರಲಿ.

ನೀರು ಮತ್ತು ಕೆಲವು ತಪ್ಪು ನಂಬಿಕೆಗಳು

ಅರಸೀಕೆರೆ ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಸುರಕ್ಷಿತ. ಬೇರೆ ನೀರಿಲ್ಲದ ಕಡೆ ೧.೫ ಮಿಲಿಗ್ರಾಂ ಕೊನೆಯ ಮಿತಿ. ವರ್ಷಗಟ್ಟಲೆ ಮಿತಿಮೀರಿ ಕುಡಿದರೆ ಮೂಳೆ ಪರೀಕ್ಷೆಯಲ್ಲಿ ದಪ್ಪವಾಗಿ ಕಂಡರೂ ಒಳಗೆ ಪೆಡಸಾಗಿರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗದು. ಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಶುದ್ಧೀಕರಿಸಿದ ನೀರನ್ನಾಗಲಿ ಶೇಖರಿಸಿದ ಮಳೆನೀರನ್ನಾಗಲಿ ಅಡುಗೆಗೂ ಕುಡಿಯಲೂ ಬಳಸಬೇಕು.

‘ಎಲೆ ಅಡಿಕೆಯ ಸುಣ್ಣ ಮೂಳೆಗೆ ಒಳ್ಳೆಯದು’ ಎಂಬ ಮಾತಿದೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ; ಆದರೆ ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೪ರಲ್ಲಿ ಸಾರಿದೆ. ಇನ್ನು ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ಪುಡಿಗಳಿಂದ ದೂರವಿರಬೇಕು. ಒಂದೆರಡು ದಿನದಲ್ಲೇ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಂಶಯವಿದೆ; ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್ ಮೂಳೆಯನ್ನು ತಿಂದುಹಾಕುತ್ತದೆ.

ಮನೆಯವರ ಹೊಣೆ

ಬಚ್ಚಲಿನ ಪಾಚಿ ಉಜ್ಜುವುದು, ಗೋಡೆಗೊಂದು ಹಿಡಿ ಹಾಕಿಸುವುದು, ಹೊಸಿಲ ಬಳಿ ರಾತ್ರಿ ದೀಪ ಇರಿಸುವುದು, ಕಣ್ಣಿನ ಪೊರೆ ತೆಗೆಸುವುದು – ಇವು ಮಕ್ಕಳು, ಸೊಸೆಯಂದಿರು ಈ ವಾರವೇ ಮಾಡಬಹುದಾದ ಕೆಲಸಗಳು. ಬೀಳದ ತಾಯಿಯ ತೊಡೆಯ ಮೂಳೆ ಮುರಿಯುವುದು ಅಪರೂಪ.

ಅದಕ್ಕಿಂತ ಮುಖ್ಯವಾದುದು ಊಟದ ಪಂಕ್ತಿ. ನಮ್ಮ ಮಠಗಳ ದಾಸೋಹದಲ್ಲಿ ಬಂದವರೆಲ್ಲರಿಗೂ ಸಮನಾಗಿ ಬಡಿಸುತ್ತಾರೆ. ಆ ನಿಯಮ ಮನೆಯೊಳಗೂ ಬರಲಿ. ತಾಯಿಯ ತಟ್ಟೆಗೂ ಮುದ್ದೆ, ಕಾಳಿನ ಸಾರು, ಒಂದು ಲೋಟ ಹಾಲು ಮೊದಲ ಸರದಿಯಲ್ಲೇ ಬೀಳಲಿ. ಹದಿಹರೆಯದ ಹೆಣ್ಣುಮಕ್ಕಳಿಗೂ ಅದೇ ಊಟ, ಅದೇ ಆಟ, ಅದೇ ಬಿಸಿಲು ದೊರೆಯಲಿ. ಮೂವತ್ತರೊಳಗೆ ಅವರು ಕೂಡಿಟ್ಟ ಮೂಳೆಯೇ ಐವತ್ತರ ನಂತರದ ಬಂಡವಾಳ. ಮನೆಯ ದಾಸೋಹಕ್ಕೆ ಬೆನ್ನೆಲುಬಾದ ತಾಯಿಯ ಬೆನ್ನೆಲುಬನ್ನು ಕಾಯುವುದೂ ಒಂದು ಕಾಯಕವೇ.