ಮರ ಹತ್ತುವ ಹಗ್ಗಕ್ಕೆ ಬೂಷ್ಟು ಹಿಡಿದರೆ



ತುಮಕೂರು, ಗುಬ್ಬಿ, ಕುಣಿಗಲ್ ಕಡೆ ತೆಂಗು, ಅಡಿಕೆ ಇಲ್ಲದ ಊರು ವಿರಳ. ಕಾಯಿ ಕೀಳಲು ಮರ ಹತ್ತುವವನ ಪ್ರಾಣ ಒಂದು ಹಗ್ಗ, ಒಂದು ತಳೆ, ಇಲ್ಲವೆ ಸೊಂಟದ ಪಟ್ಟಿಯನ್ನು ನಂಬಿರುತ್ತದೆ. ಕೆಲಸ ಮುಗಿದೊಡನೆ ಇವುಗಳನ್ನು ಕೊಟ್ಟಿಗೆಯ ಮೂಲೆಗೆ ಎಸೆದರೆ, ಮುಂದಿನ ಕೀಳುವವರೆಗೆ ಯಾರೂ ತಿರುಗಿ ನೋಡುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯಲ್ಲಿ ಹೀಗೆ ಬಿದ್ದ ಹಗ್ಗಕ್ಕೆ ಬಿಳಿ, ಹಸಿರು, ಕಪ್ಪು ಬೂಷ್ಟು ಹಿಡಿಯುತ್ತದೆ. ಒರೆಸಿದರೆ ಹೋಯಿತೆಂದು ತಿಳಿಯುವವರೇ ಹೆಚ್ಚು. ಬೂಷ್ಟೇನೋ ಹೋಗುತ್ತದೆ, ಅದು ತಿಂದ ಬಲ ಮರಳಿ ಬಾರದು.

ಬೂಷ್ಟು ಏಕೆ ಹಿಡಿಯುತ್ತದೆ?

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಸೂಕ್ಷ್ಮ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಗಾಳಿಯ ತೇವ ನೂರಕ್ಕೆ 70ಕ್ಕಿಂತ ಹೆಚ್ಚಾಗಿ, ಗಾಳಿಯಾಟವೂ ಇಲ್ಲದಿದ್ದರೆ ಅವು ಮೊಳೆಯುತ್ತವೆ. ಹತ್ತಿ, ಪುಂಡಿ, ಕತ್ತಾಳೆಯ ನಾರು ಅದಕ್ಕೆ ಆಹಾರ. ತೆಂಗಿನ ನಾರು ಹೆಚ್ಚು ಕಾಲ ತಡೆಯುತ್ತದೆಯಾದರೂ ಸದಾ ಒದ್ದೆಯಾಗಿದ್ದರೆ ಕೊನೆಗೆ ಅದೂ ಕೊಳೆಯುವುದು. ನೈಲಾನನ್ನು ಬೂಷ್ಟು ತಿನ್ನಲಾರದು. ಆದರೆ ಅದಕ್ಕೆ ಅಂಟಿದ ಬೆವರು, ಮಣ್ಣು, ತೊಗಟೆಯ ಪುಡಿಯ ಮೇಲೆ ಬೆಳೆಯುತ್ತದೆ. ಆದುದರಿಂದ ನಾರಿನ ಹಗ್ಗಕ್ಕೂ ನೈಲಾನಿಗೂ ಉಪಚಾರ ಬೇರೆ ಬೇರೆ.

ನಾರಿನ ಹಗ್ಗ

ಮೊದಲು ಹಗ್ಗವನ್ನು ಬಯಲಿಗೆ ತಂದು ಒಣಗಿಸಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬ್ರಷ್ಷಿನಿಂದ ಉಜ್ಜಿ. ಉಬ್ಬಸವಿರುವವರು ಈ ಕೆಲಸ ಮಾಡಬಾರದು. ಅನಂತರ ಮೊಳಕ್ಕೊಂದು ಕಡೆ ಹುರಿ ಬಿಚ್ಚಿ ಒಳಗಡೆ ನೋಡಿ. ಒಳಗೂ ಕಪ್ಪಾಗಿದ್ದರೆ, ಪುಡಿ ಉದುರಿದರೆ, ಒಂದೆಳೆ ನಾರು ಬೆರಳಿನಲ್ಲಿ ಸುಲಭವಾಗಿ ತುಂಡಾದರೆ, ಆ ಹಗ್ಗದಿಂದ ಮರ ಹತ್ತತಕ್ಕದ್ದಲ್ಲ. ಅಂತಹ ಹಗ್ಗವನ್ನು ಇಡಿಯಾಗಿ ಇಟ್ಟರೆ ಗೊತ್ತಿಲ್ಲದವರು ಯಾರಾದರೂ ತೆಗೆದುಕೊಂಡು ಹೋದಾರು. ಆದ್ದರಿಂದ ಮಾರುದ್ದಕ್ಕೆ ಕತ್ತರಿಸಿ ಸೌದೆ, ಹುಲ್ಲಿನ ಹೊರೆ ಕಟ್ಟಲು ಉಪಯೋಗಿಸಿ. ನೆಲದಲ್ಲಿ ಇಬ್ಬರು ಜಗ್ಗಿ ನೋಡಿದಾಗ ತಡೆಯಿತೆಂದ ಮಾತ್ರಕ್ಕೆ ಐವತ್ತು ಅಡಿ ಎತ್ತರದಲ್ಲಿಯೂ ತಡೆದೀತೆಂದು ನಂಬಬೇಡಿ.

ನೈಲಾನ್ ಹಗ್ಗ ಮತ್ತು ಪಟ್ಟಿ

ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಮೃದುವಾದ ಸೋಪು ಕಲಸಿ, ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಎರಡು ಸಲ ಶುದ್ಧ ನೀರಿನಲ್ಲಿ ಜಾಲಾಡಿಸಿ ನೆರಳಿನಲ್ಲಿ ಒಣಗಿಸಿ. ಬಹಳ ದಿನ ಬಿಸಿಲಿಗೆ ಬಿದ್ದ ನೈಲಾನ್ ಶಕ್ತಿಗುಂದುತ್ತದೆ. ಒಲೆಯ ಕಾವೂ ಕೂಡದು. ಬ್ಲೀಚಿಂಗ್ ಪುಡಿ ಮತ್ತು ಆಸಿಡ್ ಸೋಕಲೇಬಾರದು, ಅವು ಎಳೆಯನ್ನೇ ಹಾಳುಮಾಡುತ್ತವೆ. ರಾಮನಗರದ ಬಂಡೆಗಳನ್ನು ಏರುವವರ ಹಗ್ಗಕ್ಕೂ ನಿಯಮ ಇದೇ. ಪಟ್ಟಿಯ ಹೊಲಿಗೆಯನ್ನು ಮರೆಯದೆ ಪರೀಕ್ಷಿಸಿ. ಪಟ್ಟಿ ನೈಲಾನಿನದಾದರೂ ಹೊಲಿಗೆ ಹತ್ತಿದಾರದ್ದಾಗಿದ್ದರೆ ಬೂಷ್ಟು ದಾರವನ್ನು ತಿಂದಿರಬಹುದು. ಹಗ್ಗ ಬಿರುಸಾಗಿದ್ದರೆ, ಚಪ್ಪಟೆಯಾಗಿದ್ದರೆ, ನೂಲೆದ್ದಿದ್ದರೆ ಕೈಬಿಡಿ.

ಹತ್ತುವ ಯಂತ್ರ

ಕೇರಳದ ಚೆಂಬೇರಿಯ ಜೋಸೆಫ್ ಎಂಬವರು ರೂಪಿಸಿದ ಮಾದರಿಯ ಕಾಲುಯಂತ್ರಗಳು ಈಗ ನಮ್ಮಲ್ಲಿಯೂ ಬಂದಿವೆ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಮರ ಹತ್ತುವ ತರಬೇತಿ ಆರಂಭಿಸಿದ ಮೇಲೆ ಇವುಗಳ ಬಳಕೆ ಹೆಚ್ಚಿತು. ಪಟ್ಟಿಗೆ ಬೂಷ್ಟು ಹಿಡಿದ ಜಾಗದಲ್ಲಿ ಕಬ್ಬಿಣಕ್ಕೆ ತುಕ್ಕೂ ಹಿಡಿದಿರುವುದು ಸಹಜ. ತಂತಿಹಗ್ಗದ ಒಂದು ಎಳೆ ತುಂಡಾಗಿದ್ದರೂ ಬದಲಾಯಿಸಿ. ಎಣ್ಣೆಯನ್ನು ತಿರುಗುವ ಕೀಲುಗಳಿಗೆ ಮಾತ್ರ ಬಿಡಿ.

ಇಡುವ ಕ್ರಮ

ಉಂಡೆ ಕೊಬ್ಬರಿಗಾಗಿ ನಾವು ಕಾಯಿಯನ್ನು 8ರಿಂದ 12 ತಿಂಗಳು ಅಟ್ಟದ ಮೇಲೆ ಇಡುತ್ತೇವೆ. ಕೆಳಗಿನಿಂದ ಗಾಳಿಯಾಡಲೆಂದೇ ಅಟ್ಟ. ಹಗ್ಗಕ್ಕೂ ಅದೇ ಬುದ್ಧಿ ಸಾಕು. ಪೂರ್ತಿ ಒಣಗಿಸಿ, ಸಡಿಲವಾಗಿ ಸುತ್ತಿ, ಗೋಡೆಗೆ ತಗುಲದಂತೆ ಮರದ ಗೂಟಕ್ಕೆ ತೂಗುಹಾಕಿ. ಖಾಲಿ ಗೊಬ್ಬರದ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುವುದು. ಯೂರಿಯಾ ಗಾಳಿಯ ತೇವವನ್ನು ಹೀರುವ ವಸ್ತು, ಅದರ ಮೂಟೆಯ ಮೇಲೆ ಹಗ್ಗ ಹಾಕಬೇಡಿ. ಔಷಧಿ ಡಬ್ಬಿ, ಬ್ಯಾಟರಿಗಳಿಂದಲೂ ದೂರವಿರಲಿ. ಇಲಿಯ ಕಾಟವನ್ನೂ ಗಮನಿಸಿ.

ಮಳೆಗಾಲಕ್ಕೆ ಮುಂಚೆ ಜೂನ್ ಮೊದಲ ವಾರ ಒಮ್ಮೆ, ಮಳೆ ನಿಂತ ಮೇಲೆ ನವೆಂಬರಿನಲ್ಲಿ ಒಮ್ಮೆ, ಊರಿನ ಎಲ್ಲ ಹಗ್ಗ, ಪಟ್ಟಿಗಳನ್ನು ಒಂದೆಡೆ ಹರಡಿ ಪರೀಕ್ಷಿಸುವುದು ಒಳ್ಳೆಯದು. ಹತ್ತುವವನು ಕೂಲಿಗೆ ಬಂದವನಾದರೆ, ಹಗ್ಗ ಅವನದೇ ಆಗಿದ್ದರೂ, ತೋಟದ ಯಜಮಾನನು ಮೊದಲು ಅದನ್ನು ತನ್ನ ಕೈಯಲ್ಲಿ ಹಿಡಿದು ನೋಡಬೇಕು. ಸಂದೇಹ ಬಂದರೆ ಕಾಯಿ ಇನ್ನೆರಡು ದಿನ ಮರದಲ್ಲಿಯೇ ಇರಲಿ, ಅದರಿಂದ ನಷ್ಟವೇನೂ ಆಗದು.