ಮರೆಯಲ್ಲಿದ್ದರೂ ಮುಗಿಯದ ಮೆಮೊರಿ

ಸಿ ಭಾಷೆಯಿಂದ ಪ್ರೋಗ್ರಾಮಿಂಗ್ ಆರಂಭಿಸಿದ ನನ್ನಂಥವರಿಗೆ ಮೆಮೊರಿಯೆಂಬುದು ಕಣ್ಣೆದುರಿನ ವಸ್ತುವಾಗಿತ್ತು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಆ ಭಾಷೆಯಲ್ಲಿ, ಪ್ರೋಗ್ರಾಮ್ ನಡೆಯುತ್ತಿರುವಾಗ ಜಾಗ ಬೇಕಾದರೆ ಇಷ್ಟು ಬೈಟ್ ಎಂದು ಕೇಳಿ ಪಡೆಯಬೇಕು. ದೊರೆಯುವುದು ಒಂದು ವಿಳಾಸ. ಕೆಲಸ ಮುಗಿದೊಡನೆ ಆ ಜಾಗವನ್ನು ನಾವೇ ಹಿಂದಿರುಗಿಸಬೇಕು. ಮರೆತರೆ ಜಾಗ ವ್ಯರ್ಥವಾಗುತ್ತದೆ. ಹಿಂದಿರುಗಿಸಿದ ಮೇಲೂ ಅದೇ ವಿಳಾಸಕ್ಕೆ ಬರೆದರೆ ಅಲ್ಲಿಗೆ ಹೊಸದಾಗಿ ಬಂದ ಮಾಹಿತಿ ಕೆಡುತ್ತದೆ.

ಪೈಥಾನ್, ಜಾವಾ ಮೊದಲಾದ ಉನ್ನತ ಸ್ತರದ ಭಾಷೆಗಳು ಈ ಹೊಣೆಯನ್ನು ತಾವೇ ಹೊತ್ತುಕೊಂಡವು. ಈ ಕಲ್ಪನೆ ಹೊಸದಲ್ಲ. ಲಿಸ್ಪ್ ಭಾಷೆಯ ಕುರಿತ 1960ರ ಪ್ರಬಂಧದಲ್ಲಿಯೇ ಜಾನ್ ಮೆಕಾರ್ಥಿ ಇದನ್ನು ವಿವರಿಸಿದ್ದರು. ಪೈಥಾನ್‌ನ ಪ್ರಚಲಿತ ರೂಪವಾದ ಸಿಪೈಥಾನ್‌ನಲ್ಲಿ ಪ್ರತಿಯೊಂದು ವಸ್ತುವೂ ತನ್ನನ್ನು ಎಷ್ಟು ಕಡೆಯಿಂದ ಉಲ್ಲೇಖಿಸಲಾಗಿದೆ ಎಂಬ ಎಣಿಕೆಯನ್ನು ಹೊತ್ತಿರುತ್ತದೆ. ಎಣಿಕೆ ಸೊನ್ನೆಯಾದರೆ ಜಾಗ ಬಿಡುಗಡೆಯಾಗುತ್ತದೆ. ಒಂದನ್ನೊಂದು ಉಲ್ಲೇಖಿಸುತ್ತ ಉಳಿದ ಅನಾಥ ವಸ್ತುಗಳನ್ನು ಹುಡುಕಲು ಬೇರೊಂದು ವ್ಯವಸ್ಥೆಯಿದೆ. ಈ ಸೌಕರ್ಯಕ್ಕೆ ಬೆಲೆಯೂ ಉಂಟು: ಸಿ ಭಾಷೆಯಲ್ಲಿ ಸಾಮಾನ್ಯವಾಗಿ 4 ಬೈಟ್ ಹಿಡಿಯುವ ಪೂರ್ಣಾಂಕವೊಂದು 64 ಬಿಟ್ ಸಿಪೈಥಾನ್‌ನಲ್ಲಿ 28 ಬೈಟ್ ಹಿಡಿಯುತ್ತದೆ.

ಇನ್ನು ಮೆಮೊರಿಯ ಚಿಂತೆಯೇ ಇಲ್ಲವೆಂದು ನಾನೂ ನಂಬಿದ್ದೆ. ಆದರೆ ನಾನು ಬರೆದ ಪೈಥಾನ್ ಸೇವೆಯೊಂದು ಕೆಲವು ದಿನಗಳಿಗೊಮ್ಮೆ ನಡುರಾತ್ರಿಯಲ್ಲಿ ನಿಂತುಹೋಗತೊಡಗಿತು. ಪ್ರತಿ ಬಾರಿಯೂ ಮೆಮೊರಿ ತುಂಬಿಹೋಗಿರುತ್ತಿತ್ತು. ಹುಡುಕಿದಾಗ ತಪ್ಪು ನನ್ನದೇ ಎಂದು ತಿಳಿಯಿತು. ವೇಗಕ್ಕಾಗಿ ಪ್ರತಿ ಪ್ರಶ್ನೆಯ ಉತ್ತರವನ್ನೂ ಒಂದು ಡಿಕ್ಷನರಿಯಲ್ಲಿ ಕೂಡಿಡುತ್ತಿದ್ದೆ, ಯಾವುದನ್ನೂ ತೆಗೆಯುತ್ತಿರಲಿಲ್ಲ. ಆ ಡಿಕ್ಷನರಿ ಹಿಡಿದುಕೊಂಡಿರುವಷ್ಟು ಕಾಲ ಯಾವ ಉತ್ತರದ ಎಣಿಕೆಯೂ ಸೊನ್ನೆಯಾಗುವಂತಿರಲಿಲ್ಲ.

ಊರಿನ ಮನೆಯ ಅಟ್ಟವನ್ನು ನೆನೆಯಿರಿ. ಅಲ್ಲಿರುವ ಹಳೆಯ ಪಾತ್ರೆಗಳನ್ನು ಯಾರೂ ಬಳಸುವುದಿಲ್ಲ. ಆದರೂ ಅವು ಮನೆಯವರ ಸೊತ್ತಾದ್ದರಿಂದ ಕೆಲಸದವರು ಎಸೆಯುವಂತಿಲ್ಲ. ಭಾಷೆಯ ಸ್ಥಿತಿಯೂ ಹೀಗೆಯೇ. ಯಾವ ವಸ್ತುವನ್ನು ತಲುಪಲು ಇನ್ನು ದಾರಿಯಿಲ್ಲವೆಂಬುದನ್ನು ಅದು ಅರಿಯಬಲ್ಲದು. ಯಾವುದು ನಮಗೆ ಇನ್ನು ಬೇಡವೆಂಬುದನ್ನು ಅರಿಯಲಾರದು.

ಡಿಕ್ಷನರಿಗೆ ಮಿತಿ ಹಾಕಿ, ಬಹುಕಾಲ ಬಳಸದ ಉತ್ತರಗಳು ತಾವಾಗಿ ಹೊರಬೀಳುವಂತೆ ಮಾಡಿದ ಮೇಲೆ ಸೇವೆ ನಿಲ್ಲದೆ ನಡೆಯಿತು. ಉನ್ನತ ಸ್ತರದ ಭಾಷೆ ವಿಳಾಸಗಳ ಲೆಕ್ಕವನ್ನು ನಮ್ಮಿಂದ ತೆಗೆದುಕೊಂಡಿದೆ. ಏನನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ತೀರ್ಮಾನ ಮಾತ್ರ ನಮ್ಮದಾಗಿಯೇ ಉಳಿದಿದೆ.