ಹೆದರಿಕೆ ಮೊದಲು, ಯೋಚನೆ ಆಮೇಲೆ

ಮಕ್ಕಳನ್ನು ಹೊಗೇನಕಲ್ಲಿಗೋ ಏರ್ಕಾಡಿಗೋ ಕರೆದುಕೊಂಡು ಹೋದರೆ ಬಸ್ಸು ಇಳಿಯುತ್ತಲೇ ಎದುರಾಗೋದು ಕೋತಿಗಳು. ಕೈಯಲ್ಲಿರೋ ಬಾಳೆಹಣ್ಣನ್ನೇ ಕಿತ್ತುಕೊಳ್ಳುವಷ್ಟು ಧೈರ್ಯ ಅವಕ್ಕೆ. ಆದರೆ ಕಾಡಿನಲ್ಲಿ ಚಿರತೆ ಕಂಡರೆ ಸಾಕು, ಕೂಗಿಕೊಂಡು ಮರ ಹತ್ತುತ್ತವೆ.

ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ಎಂಬ ವಿಜ್ಞಾನಿಗಳು ದಕ್ಷಿಣ ಭಾರತದಲ್ಲಿ ಇದೇ ಜಾತಿಯ ಕೋತಿಗಳಿಗೆ ಚಿರತೆಯ ಗೊಂಬೆ ತೋರಿಸಿ ನೋಡಿದರು. ಕಪ್ಪು ಚಿರತೆಯ ಗೊಂಬೆಗಿಂತ ಚುಕ್ಕಿ ಚಿರತೆಯ ಗೊಂಬೆಗೆ ಅವು ಹೆಚ್ಚು ಬೆದರಿದವು. 2000ದಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅಂದರೆ ಚುಕ್ಕಿಯೇ ಅಪಾಯದ ಗುರುತು.

ಇದನ್ನು ಯಾರು ಕಲಿಸಿದರು? ದೊಡ್ಡ ಕೋತಿಗಳನ್ನು ನೋಡಿ ಮರಿಗಳು ಕಲಿಯೋದು ಉಂಟು. ಎಲ್ಲವೂ ಹಾಗೆ ಬಂದದ್ದಲ್ಲ. ಹಾವನ್ನೇ ಕಾಣದೆ ಬೆಳೆದ ಜಪಾನಿನ ಕೋತಿಗಳ ಮೆದುಳಿನಲ್ಲೂ ಹಾವಿನ ಚಿತ್ರಕ್ಕೆ ಬೇಗನೆ, ಜೋರಾಗಿ ಸ್ಪಂದಿಸುವ ನರಕೋಶಗಳಿವೆ ಎಂದು 2013ರಲ್ಲಿ ಕಂಡುಬಂತು.

ಮೆದುಳಿನೊಳಗೆ ನಡೆಯೋದು ಹೀಗೆ. ಕಣ್ಣು ಕಂಡದ್ದು ಎರಡು ದಾರಿಯಲ್ಲಿ ಹೋಗುತ್ತದೆ. ಒಂದು, ಮೆದುಳಿನ ಹಿಂಭಾಗಕ್ಕೆ. ಅಲ್ಲಿ ಬಣ್ಣ, ಆಕಾರ ಎಲ್ಲ ವಿವರವಾಗಿ ತಿಳಿಯುತ್ತದೆ. ಇನ್ನೊಂದು ಅಡ್ಡದಾರಿ, ನಡುಮೆದುಳಿನ ಮೇಲ್ಭಾಗಕ್ಕೆ. ಬಾದಾಮಿ ಆಕಾರದ ಅಮಿಗ್ಡಲ 'ಅಪಾಯ' ಎಂದು ಸಾರುತ್ತದೆ. ಹೈಪೋಥಲಾಮಸ್ ಎದೆಬಡಿತ ಏರಿಸುತ್ತದೆ. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಬೆಕ್ಕಿನ ಈ ಭಾಗಕ್ಕೆ ಸಣ್ಣ ವಿದ್ಯುತ್ ಹರಿಸಿದಾಗ, ಎದುರಿಗೆ ನಾಯಿ ಇಲ್ಲದಿದ್ದರೂ ಬೆಕ್ಕು ರೋಮ ನಿಮಿರಿಸಿ ಬುಸುಗುಟ್ಟಿತು. ಆತನಿಗೆ 1949ರಲ್ಲಿ ನೊಬೆಲ್ ಬಂತು.

ಕೊನೆಯ ಆಜ್ಞೆ ನಡುಮೆದುಳಿನ ಸಣ್ಣ ಕಾಲುವೆಯ ಸುತ್ತಲಿರುವ ಬೂದು ಭಾಗದ್ದು. ಅದರ ಮೇಲಿನ ಭಾಗ ಕೆರಳಿದರೆ ಪ್ರಾಣಿ ಓಡುತ್ತದೆ. ಕೆಳಬದಿಯ ಭಾಗ ಕೆರಳಿದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ನಿಲ್ಲೋದೂ ರಕ್ಷಣೆಯೇ, ಅಲುಗದಿದ್ದರೆ ಹದ್ದಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಓಡಬೇಕೋ ನಿಲ್ಲಬೇಕೋ? ಪ್ರಯೋಗಾಲಯದಲ್ಲಿ ಇಲಿಯ ತಲೆಯ ಮೇಲೆ ಹಿಗ್ಗುವ ಕಪ್ಪು ನೆರಳು ತೋರಿಸಿದರು. ಅಡಗುವ ಜಾಗ ಗೊತ್ತಿದ್ದ ಇಲಿ ಅಲ್ಲಿಗೆ ಓಡಿತು. ಅಂಥ ಜಾಗ ಇಲ್ಲದಾಗ ಇದ್ದಲ್ಲೇ ಸೆಟೆದು ನಿಂತಿತು.

ಇನ್ನು ನಮ್ಮ ತರಗತಿಗೆ ಬರೋಣ. ಮನೆಯಲ್ಲಿ ಪಟಪಟನೆ ಮಗ್ಗಿ ಹೇಳುವ ಹುಡುಗಿ ಬೋರ್ಡಿನ ಮುಂದೆ ಬಾಯಿ ಬಿಡೋಲ್ಲ. 'ಮೊಂಡು' ಅಂತೀವಿ, ಇನ್ನೂ ಗದರುತ್ತೀವಿ. ಮಗು ಇಲಿಯಲ್ಲ, ನಿಜ. ಆದರೆ ಈ ಭಾಗಗಳೆಲ್ಲ ಮನುಷ್ಯರ ಮೆದುಳಿನಲ್ಲೂ ಇವೆ. ಹೆದರಿಕೆ ಜೋರಾದಾಗ ಯೋಚಿಸುವ ಮುಂಮೆದುಳಿನ ಕೆಲಸ ಕುಗ್ಗುತ್ತದೆ. ಗೊತ್ತಿದ್ದದ್ದೂ ನೆನಪಿಗೆ ಬಾರದು. ಹೆದರಿಕೆ ಮೇಲೆ ಹೆದರಿಕೆ ಹೇರಿದರೆ ಉತ್ತರ ಬರುವುದೆಲ್ಲಿಂದ? ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ವಿಧಿ ನಿಷೇಧಿಸಿದೆ. ಅದರ ಹಿಂದೆ ಕರುಣೆ ಅಷ್ಟೇ ಅಲ್ಲ, ಜೀವಶಾಸ್ತ್ರವೂ ಇದೆ ಅನ್ನಬಹುದು.

ಇಲಿಗೆ ಬೇಕಾದದ್ದು ಒಂದು ಬಿಲ. ಮಗುವಿಗೂ ಅಂಥದೊಂದು ಕೊಡೋಣ: "ಕೂತ್ಕೊಂಡೇ ಹೇಳಮ್ಮ", "ಮೊದಲು ಸ್ಲೇಟಿನಲ್ಲಿ ಬರಿ", "ಪಕ್ಕದವಳ ಜೊತೆ ಸೇರಿ ಹೇಳು". ಒಂದು ವಾರ ಮಾಡಿ ನೋಡಿ, ಯಾರ ಬಾಯಿ ತೆರೆಯಿತು ಅಂತ ಗುರುತು ಹಾಕಿಕೊಳ್ಳಿ.